ಆಸ್ಪತ್ರೆಯಲ್ಲಿ ಕ್ರಿಸ್ಮಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಕ್ಕಳ ವಾರ್ಡಿನಲ್ಲಿ ಒಣಹುಲ್ಲು, ರಾಗಿ ಪೈರು ಇಟ್ಟು ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟಲು ಹೊರಟಿದ್ದೇವೆ. ಸಿಸ್ಟರ್ ಬೇಡವೆನ್ನುತ್ತಾರೆ. ಕಾರಣವೇನು?
– ಓದುಗರು, ಬಂಟ್ವಾಳ

ಸಿಸ್ಟರ್ ಹೇಳಿದ್ದೇ ಸರಿ. ಹುಲ್ಲು, ಪಾಚಿ, ಹಸಿಮಣ್ಣಿನಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ಸೇರಿಕೊಂಡಿರುತ್ತದೆ. ಗಟ್ಟಿಮುಟ್ಟಾಗಿರುವವರಿಗೆ ಸಾಮಾನ್ಯವಾಗಿ ಅದರಿಂದ ಏನೂ ಆಗದು. ಕ್ಯಾನ್ಸರಿಗೆ ಕೀಮೋ ಪಡೆಯುತ್ತಿರುವ ಮಗುವಿನ ಶ್ವಾಸಕೋಶಕ್ಕೆ ಇಳಿದರೆ ಮಾತ್ರ ಜೀವಕ್ಕೇ ಸಂಚಕಾರ. ರಾಗಿ ಬಿತ್ತಿದ ಗೋದಲಿಯನ್ನು ವಾರ್ಡಿನಿಂದ ದೂರವೇ ಇಡಿ. 1880ರಲ್ಲಿ ಶುರುವಾದ ಮಂಗಳೂರು ಕಂಕನಾಡಿಯ ಫಾದರ್ ಮುಲ್ಲರ್‌ನಂಥ ಮಿಷನ್ ಆಸ್ಪತ್ರೆಯಾದರೆ ಚಾಪೆಲ್ (ಪ್ರಾರ್ಥನಾ ಮಂದಿರ) ಇದೆ, ಅಲ್ಲಿಡಿ. ಸರ್ಕಾರಿ ಆಸ್ಪತ್ರೆಯಾದರೆ ಅಧೀಕ್ಷಕರನ್ನು ಕೇಳಿ ಹೊರ ಜಗಲಿಯಲ್ಲಿ ಜಾಗ ಮಾಡಿಕೊಳ್ಳಿ.

ವಾರ್ಡಿಗೆ ಸನ್‌ಬೋರ್ಡಿನಲ್ಲಿ (ಹಗುರ ಪ್ಲಾಸ್ಟಿಕ್ ಹಲಗೆ) ಕತ್ತರಿಸಿದ ಬೊಂಬೆಗಳು ಸಾಕು, ಸ್ಪಿರಿಟ್ ಬಟ್ಟೆಯಲ್ಲಿ ಒರೆಸಲು ಬರುತ್ತವೆ. ಆಕ್ಸಿಜನ್ ಹರಿಯುವ ಕಡೆ ಮೇಣದಬತ್ತಿಯ ಮಾತೇ ಬೇಡ. ಬ್ಯಾಟರಿ ದೀಪ ಕೊಳ್ಳುವಾಗ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಬಟನ್ ಸೆಲ್ ನುಂಗಿದ ಮಗುವಿನ ಅನ್ನನಾಳ 2 ಗಂಟೆಯೊಳಗೇ ಸುಡಬಹುದು. ಸೀರಿಯಲ್ ಸೆಟ್ಟನ್ನು ಹಾಸಿಗೆಯ ತಲೆದೆಸೆಯ ಪ್ಲಗ್ಗಿಗೆ ಸಿಕ್ಕಿಸಬೇಡಿ, ಅದು ಯಂತ್ರಗಳಿಗೆ ಮೀಸಲು. ತೋರಣ ಕಟ್ಟುವಾಗ ಬೆಂಕಿ ಆರಿಸುವ ಸ್ಪ್ರಿಂಕ್ಲರ್‌ನಿಂದ 45 ಸೆಂ.ಮೀ. ಕೆಳಗಿರಲಿ. ರಬ್ಬರ್ ಬಲೂನ್ ಬೇಡ, ಲೇಟೆಕ್ಸ್ ಅಲರ್ಜಿ ಇರುವವರಿರುತ್ತಾರೆ.

ಪ್ರಶ್ನೆ: ರೋಗಿಗಳಿಗೆ ಪ್ಲಮ್ ಕೇಕ್ ಹಂಚಬಹುದೇ?
– ಓದುಗರು, ಶಿವಮೊಗ್ಗ

ಹಾಸಿಗೆಯಿಂದ ಹಾಸಿಗೆಗೆ ತಟ್ಟೆ ಹಿಡಿದು ಹೋಗುವ ಪದ್ಧತಿ ಬಿಡಿ. ಶಸ್ತ್ರಚಿಕಿತ್ಸೆಗೆ ಉಪವಾಸ ಇಟ್ಟವರ ಕೈಗೆ ಒಂದು ತುಂಡು ಹೋದರೂ ಆಪರೇಶನ್ ಮುಂದೆ ಹೋಗುತ್ತದೆ. 100 ಗ್ರಾಂ ಒಣದ್ರಾಕ್ಷಿಯಲ್ಲಿ ಸುಮಾರು 750 ಮಿ.ಗ್ರಾಂ ಪೊಟ್ಯಾಶಿಯಂ ಇರುವುದರಿಂದ ಡಯಾಲಿಸಿಸ್ ರೋಗಿಗೆ ಪ್ಲಮ್ ಕೇಕ್ ಒಗ್ಗದು. ಸಕ್ಕರೆ ಕಾಯಿಲೆಯವರ ಮಾತು ಗೊತ್ತೇ ಇದೆ. ರಮ್ಮಿನಲ್ಲಿ ನೆನೆಸಿದ್ದಾದರೆ, ಬೇಯಿಸಿದರೂ ಮದ್ಯ ಪೂರ್ತಿ ಹಾರಿಹೋಗುವುದಿಲ್ಲ. ಯಕೃತ್ತಿನ ಕಾಯಿಲೆಯವರಿಗೆ, ಕುಡಿತ ಬಿಡುವ ಮಾತ್ರೆಯಲ್ಲಿರುವವರಿಗೆ ಕೊಡಲೇಬಾರದು. ಡಬ್ಬದ ಮೇಲೆ ‘ಮೊಟ್ಟೆ, ಗೋಡಂಬಿ, ರಮ್ ಇದೆ’ ಎಂದೂ ಮಾಡಿದ ತಾರೀಕನ್ನೂ ಬರೆದು ಡಯೆಟಿಶಿಯನ್ ಕೈಗೆ ಒಪ್ಪಿಸಿ. ಯಾರಿಗೆ ಎಷ್ಟು ಎಂಬುದು ಅವರಿಗೆ ಬಿಟ್ಟದ್ದು.

ಪ್ರಶ್ನೆ: ಕ್ಯಾರೋಲ್ ತಂಡ, ಸಾಂತಾ ಹೇಗಿರಬೇಕು?
– ಓದುಗರು, ಚಿಕ್ಕಮಗಳೂರು

ಆರೇಳು ಜನ ಸಾಕು. ಒಂದು ಗಿಟಾರ್ ಇರಲಿ, ಡ್ರಮ್ ಬೇಡ. ಕಾರಿಡಾರಿನಲ್ಲಿ ನಿಂತು ಹಾಡಿ, ಒಂದು ವಾರ್ಡಿಗೆ 10 ನಿಮಿಷ. ಮಧ್ಯಾಹ್ನ 2, ರಾತ್ರಿ 8ರ ಆಸುಪಾಸು ಹೆಚ್ಚಿನ ಕಡೆ ಪಾಳಿ ಬದಲಾಗುವ ಹೊತ್ತು, ಆಗ ಹೋದರೆ ಸಿಸ್ಟರ್‌ಗಳಿಗೆ ಕಿರಿಕಿರಿ. ಸಂಜೆ 5ರಿಂದ 6.30 ಹದವಾದ ಸಮಯ. ನೆಗಡಿ ಇರುವವರು ಎಷ್ಟು ಚೆನ್ನಾಗಿ ಹಾಡಿದರೂ ಮನೆಯಲ್ಲಿರಲಿ. ಸಾಂತಾನ ಅಂಗಿಯ ತೋಳು ಮೊಣಕೈವರೆಗೆ ಮಡಚಿರಬೇಕು, ಪ್ರತಿ ಹಾಸಿಗೆಯ ಮುಂಚೆ ಕೈಗೆ ಸ್ಯಾನಿಟೈಸರ್. ಎರಡು ಮೂರು ವರ್ಷದ ಮಕ್ಕಳು ಗಡ್ಡ ಕಂಡರೆ ಹೆದರುತ್ತಾರೆ, ದೂರ ನಿಂತು ಕೈ ಬೀಸಿದರೆ ಸಾಕು. ಉಡುಗೊರೆಯನ್ನು ಬಣ್ಣದ ಕಾಗದದಲ್ಲಿ ಬಿಗಿಯಾಗಿ ಸುತ್ತಿ ಟೇಪ್ ಹಚ್ಚುವುದು ಎಲ್ಲರೂ ಮಾಡುವ ತಪ್ಪು. ಮಗುವಿನ ಒಂದು ಕೈಯಲ್ಲಿ ಡ್ರಿಪ್ ಸೂಜಿ ಇರುತ್ತದೆ. ದಾರ ಎಳೆದರೆ ಬಿಚ್ಚುವ ಬಟ್ಟೆಚೀಲವಾದರೆ ಇನ್ನೊಂದು ಕೈಯಲ್ಲಿ ತಾನೇ ತೆರೆಯುತ್ತದೆ. ತುಪ್ಪಳದ ಗೊಂಬೆ ಬೇಡ, ತೊಳೆಯಬಹುದಾದ ಪ್ಲಾಸ್ಟಿಕ್ಕಿನದು ಕೊಡಿ. ಮನೆಯವರ ಒಪ್ಪಿಗೆಯಿಲ್ಲದೆ ಫೋಟೋ ತೆಗೆಯಬೇಡಿ.

ಪ್ರಶ್ನೆ: ಸಿಬ್ಬಂದಿಗೆ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಕೊಡುತ್ತೇವೆ. ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುವ ಹೂವಿನಾಕಾರದ ನಮ್ಮ ರೋಸ್ ಕುಕ್ಕಿ ಅಚ್ಚು ಬಿಡುವುದೇ ಇಲ್ಲ, ಬಿಟ್ಟದ್ದೂ ಮರುದಿನ ಮೆತ್ತಗೆ. ಏನು ಮಾಡಲಿ?
– ಓದುಗರು, ಉಡುಪಿ

250 ಗ್ರಾಂ ಮೈದಾ, 50 ಗ್ರಾಂ ಅಕ್ಕಿಹಿಟ್ಟು, 100 ಗ್ರಾಂ ಸಕ್ಕರೆ ಪುಡಿ, 1 ಮೊಟ್ಟೆ, ಚಿಟಿಕೆ ಉಪ್ಪು, ಸುಮಾರು 300 ಮಿ.ಲೀ. ತೆಂಗಿನಹಾಲು. ನೀರುದೋಸೆ ಹಿಟ್ಟಿಗಿಂತ ಗಟ್ಟಿ, ಉದ್ದಿನ ದೋಸೆ ಹಿಟ್ಟಿಗಿಂತ ತೆಳು ಇರಲಿ. ಹೊಸ ಅಚ್ಚಾದರೆ ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ಮುಳುಗಿಸಿಡಿ. ಕರಿಯುವ ಮೊದಲು ಕಾದ ಎಣ್ಣೆಯಲ್ಲಿ 5 ನಿಮಿಷ ಅಚ್ಚು ಕಾಯಬೇಕು. ತಣ್ಣಗಿದ್ದರೆ ಹಿಟ್ಟು ಹಿಡಿಯದೆ ಜಾರುತ್ತದೆ. ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಅದ್ದಿ. ಪೂರ್ತಿ ಮುಳುಗಿಸಿದಿರೋ, ಹಿಟ್ಟು ಅಚ್ಚಿನ ತಲೆಯ ಮೇಲೂ ಕೂತು ಬೀಗ ಹಾಕಿದ ಹಾಗೆ! ಸಕ್ಕರೆ ಹೆಚ್ಚಾದರೆ ಒಳಗೆ ಗರಿಯಾಗುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಬಿಸಿ ಆರುವ ಮುಂಚೆ ಡಬ್ಬ ಮುಚ್ಚಿದ್ದೇ ನಿಮ್ಮ ಮೆತ್ತಗಿನ ಕುಕ್ಕಿಗೆ ಕಾರಣ.

ಇನ್ನು ಹಂಚುವ ವಿಷಯ. ನರ್ಸ್ ಡೆಸ್ಕಿನ ಮೇಲೆ ಒಂದೇ ದೊಡ್ಡ ಡಬ್ಬ ಇಟ್ಟು ಬಂದರೆ ಮಧ್ಯಾಹ್ನ ಎರಡಕ್ಕೆ ಖಾಲಿ. ಮೂರು ಡಬ್ಬ ಮಾಡಿ, ಪಾಳಿಯ ಹೆಸರು ಬರೆದು ಅಂಟಿಸಿ. ರಾತ್ರಿ ಪಾಳಿಯದನ್ನು ರಾತ್ರಿಯೇ ಒಯ್ದು ಕೊಡಿ. ಸೆಕ್ಯುರಿಟಿ, ಲ್ಯಾಬ್, ಅಡುಗೆಮನೆ, ನೆಲ ಒರೆಸುವವರು, ಶವಾಗಾರದವರಿಗೆ ಬೇರೆ ಬೇರೆ ಪೊಟ್ಟಣವಿರಲಿ. ವಾರ್ಡಿನ ಡಬ್ಬ ಅವರ ತನಕ ಹೋಗುವುದಿಲ್ಲ.