ಪಿಸ್ತೂಲು ತಗೊಳ್ಳಲಾ ಅಂತ ಕೇಳಿದವನಿಗೆ

ನಿನ್ನ ಮೆಸೇಜು ಬಂದಾಗ ನಾನು ಮೂಡಿಗೆರೆ ಹತ್ತಿರದ ನಮ್ಮ ಮನೆಯ ಕಣದಲ್ಲಿ ಕಾಫಿ ಹಣ್ಣು ಕೆದಕ್ತಾ ನಿಂತಿದ್ದೆ. ಡಿಸೆಂಬರ್ ಅಲ್ವಾ, ಅರೇಬಿಕಾ ಕುಯ್ಲಿನ ಹೊತ್ತು, ರಜೆಗೆ ಬಂದವನ ಕೈಗೂ ಒಂದು ಕೆದಕೋ ಹಲಗೆ ಕೊಡ್ತಾರೆ. ಉತ್ತರ ನಾಲ್ಕು ದಿನ ತಡವಾಯ್ತು, ಬೇಜಾರು ಮಾಡ್ಕೋಬೇಡ.

ನೀನು ಬರೆದದ್ದು ಇಷ್ಟು: ಡಲ್ಲಾಸ್‌ಗೆ ಬಂದು ಎಂಟು ತಿಂಗಳಾಯ್ತು, ಆಫೀಸಿನವನೊಬ್ಬ ತನ್ನ ಹೊಸ ಪಿಸ್ತೂಲು ತೋರಿಸಿದ, ಶನಿವಾರ ಗುರಿ ಹೊಡೆಯೋ ರೇಂಜಿಗೆ ಬಾ ಅಂತಿದಾನೆ, ನಮ್ಮನೇಲೂ ಕೋವಿ ಇತ್ತಲ್ಲ, ನಾನೂ ಒಂದು ತಗೊಂಡ್ರೆ ಹೇಗೆ, ನಿಮ್ಮದು ಹೇಗಿದೆ ಅಣ್ಣ?

ನನ್ನದು ಹೇಗಿದೆ ಅಂತ ಆಮೇಲೆ ಹೇಳ್ತೀನಿ. ನೀನು ಈಗ ತಗೊಳ್ಳೋ ಹಾಗಿಲ್ಲ. ನೀನಿರೋದು ಎಚ್ ಒನ್ ಬಿ ಮೇಲೆ. ನಿನ್ನಂಥ ತಾತ್ಕಾಲಿಕ ವೀಸಾದವರು ಬಂದೂಕಾಗಲಿ ತೋಟಾ ಆಗಲಿ ಕೊಳ್ಳೋದು, ಇಟ್ಕೊಳ್ಳೋದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಟೆಕ್ಸಾಸ್‌ನಲ್ಲಿ 2021ರಿಂದ ಪರ್ಮಿಟ್ಟೇ ಇಲ್ಲದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬಹುದು ಅಂತ ನಿನ್ನ ಸ್ನೇಹಿತ ಹೇಳಿರ್ತಾನೆ. ಅವನಿಗೆ ಅದು ನಿಜ, ನಿನಗಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಮಾತು ಬೇರೆ.

'ಕೊಳ್ಳೋದಿಲ್ಲ, ರೇಂಜಿನಲ್ಲಿ ಅವನದ್ದೇ ತಗೊಂಡು ನಾಲ್ಕು ಸುತ್ತು ಹಾರಿಸ್ತೀನಿ' ಅಂತೀಯ ಅಲ್ವಾ? ಕೈಗೆ ತಗೊಂಡ್ರೂ ಇಟ್ಕೊಂಡ ಲೆಕ್ಕವೇ. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋದ ಒಂದು ಕೇಸು ಹುಟ್ಟಿದ್ದೇ ಹೀಗೆ. ವಿದ್ಯಾರ್ಥಿ ವೀಸಾದಲ್ಲಿ ಬಂದು, ಫೇಲಾಗಿ, ವೀಸಾ ಹಕ್ಕು ಕಳ್ಕೊಂಡ ಹುಡುಗನೊಬ್ಬ ಫೈರಿಂಗ್ ರೇಂಜಿಗೆ ಹೋಗಿ ಎರಡು ಗನ್ ಹಾರಿಸಿದ್ದ. ಅಷ್ಟಕ್ಕೇ ಕೇಸು. ತಾನು ನಿಷೇಧದ ಸಾಲಿಗೆ ಸೇರಿದವನು ಅಂತ ಅವನಿಗೆ ಗೊತ್ತಿತ್ತು ಅಂತಲೂ ಸರ್ಕಾರ ಸಾಬೀತು ಮಾಡಬೇಕು ಅಂತ ಕೋರ್ಟು ಹೇಳ್ತು. ನಿನ್ನ ವೀಸಾ ಯಾವುದು ಅಂತ ನಿನಗೆ ನಿದ್ದೆಗಣ್ಣಲ್ಲೂ ಗೊತ್ತಿರುತ್ತೆ, ಹಾಗಾಗಿ ಆ ತೀರ್ಪು ನಿನ್ನ ಕೈ ಹಿಡಿಯಲ್ಲ. 2022ರ ತಿದ್ದುಪಡಿ ಆದ ಮೇಲೆ ಗರಿಷ್ಠ ಶಿಕ್ಷೆ 15 ವರ್ಷ. ಅಷ್ಟು ಆಗದಿದ್ದರೂ ವೀಸಾ ಗೋವಿಂದ.

ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಸುಳ್ಳಲ್ಲ. ಯಾವುದಾದರೂ ಒಂದು ರಾಜ್ಯದ ಚಾಲ್ತಿ ಲೈಸೆನ್ಸ್ ಬೇಕು, ಟೆಕ್ಸಾಸ್‌ನಲ್ಲಿ ನಿನ್ನ ವಯಸ್ಸಿನವರಿಗೆ ಬೇಟೆಗೆ ಹಂಟರ್ ಎಜುಕೇಶನ್ ಕೋರ್ಸಿನ ನಿಯಮವೂ ಇದೆ. ಆ ದಾರಿಯಲ್ಲಿ ಹೋದವರಿದ್ದಾರೆ. ಹೋಗೋದಾದರೆ ಇಮಿಗ್ರೇಶನ್ ವಕೀಲರನ್ನ ಕೇಳಿ ಹೋಗು, ಅಂಗಡಿ ಕೌಂಟರಿನವನನ್ನ ಕೇಳಬೇಡ. ನನ್ನ ಕೇಳಿದರೆ, ಎಂಟು ತಿಂಗಳಿಗೆ ಇದು ಬೇಡದ ಉಸಾಬರಿ.

ಈಗ ನನ್ನದರ ಕತೆ.

ನಾನು ಅಲ್ಲಿಗೆ ಹೋಗಿ 22 ವರ್ಷ ಆದ ಮೇಲೆ ತಗೊಂಡದ್ದು, ಈ ಮಾರ್ಚಿನಲ್ಲಿ. ಗ್ಲಾಕ್ 19, ಒಂಬತ್ತು ಎಂಎಂ, ತೋಟಾ ತುಂಬೋ ಡಬ್ಬಿ, ಅಂದರೆ ಮ್ಯಾಗಜಿನ್ನಿಗೆ 15 ತೋಟಾ. ಅಂಗಡಿಯಲ್ಲಿ 4473 ಅನ್ನೋ ಫಾರಂ ತುಂಬಿದೆ. ಬೇರೆಯವರಿಗಾಗಿ ಕೊಳ್ತಿದೀಯಾ, ಶಿಕ್ಷೆ ಆಗಿದೆಯಾ, ಯಾವ ವೀಸಾ, ಎಲ್ಲ ಕೇಳ್ತಾರೆ. ಸುಳ್ಳು ಬರೆದರೆ ಅದೇ ಒಂದು ಪ್ರತ್ಯೇಕ ಅಪರಾಧ. ಅಂಗಡಿಯವನು ಎಫ್‌ಬಿಐ ತಪಾಸಣೆಗೆ ಕಳಿಸಿದ, ಉತ್ತರ ಬಂತು, ಕಾರ್ಡು ಉಜ್ಜಿದೆ. ನಲವತ್ತು ನಿಮಿಷದಲ್ಲಿ ಮಿಕ್ಸಿ ಡಬ್ಬದಂಥದ್ದೊಂದನ್ನ ಹಿಡ್ಕೊಂಡು ಪಾರ್ಕಿಂಗ್ ಲಾಟಲ್ಲಿ ನಿಂತಿದ್ದೆ. ಏನೋ ಕದ್ದು ತಂದ ಹಾಗನ್ನಿಸ್ತು, ನಿಜ ಹೇಳ್ತೀನಿ.

ಯಾಕಂದ್ರೆ ನಮ್ಮ ಅಪ್ಪನ ಕೋವಿ ನೋಡಿದೀಯಲ್ಲ. 12 ಬೋರಿನ ಜೋಡಿ ನಳಿಗೆ. ಅದರ ಹಿಂದೆ ಎಷ್ಟು ಕಾಗದ! ಪೊಲೀಸ್ ವರದಿ, ಡಿಸಿ ಆಫೀಸು, ನವೀಕರಣ. ಎಲೆಕ್ಷನ್ ಬಂತು ಅಂದರೆ ಠಾಣೆಯಲ್ಲಿ ಇಟ್ಟು ರಸೀದಿ ತರಬೇಕು. 2019ರಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ಬಂದು ಒಬ್ಬರಿಗೆ ಮೂರಿದ್ದದ್ದು ಎರಡಕ್ಕೆ ಇಳೀತು. (ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. ಕೊಡ್ಲಿಪೇಟೆ ದಾಟಿ ಹಾಸನದ ಕಡೆ ಬಂದರೆ ಕೋವಿಗೂ ಕಾಗದ ಬೇಕು. ಅಪ್ಪ ಪ್ರತಿ ಎಲೆಕ್ಷನ್ನಲ್ಲೂ ಇದನ್ನ ಹೇಳಿ ಒಂದು ನಿಟ್ಟುಸಿರು ಬಿಡ್ತಾರೆ.) ಬೆಳೆ ರಕ್ಷಣೆಗೆ ಅಂತ ಇರೋ ಆ ಕೋವಿ ವರ್ಷಕ್ಕೆ ಎರಡು ಸಲ ಸದ್ದು ಮಾಡಿದರೆ ಹೆಚ್ಚು, ಅದೂ ಮಂಗ ಓಡಿಸೋಕೆ ಗಾಳಿಗೆ. ಆನೆಗೆ ಅದು ಲೆಕ್ಕಕ್ಕೇ ಇಲ್ಲ. ಆಯುಧ ಪೂಜೆಗೆ ಮಣೆ ಮೇಲೆ ಕತ್ತಿ, ಗರಗಸ, ಕಸಿ ಚಾಕು, ಮಧ್ಯದಲ್ಲಿ ಕೋವಿ, ಕುಂಕುಮ. ಅದು ಮನೆಯ ಹಿರೀಕ.

ಆ ಕೋವಿಯಲ್ಲಿ ಕಲಿತದ್ದು ಪಿಸ್ತೂಲಿಗೆ ಅರ್ಧ ಉಪಯೋಗ, ಅರ್ಧ ಅಪಾಯ. ನಿನ್ನ ಮನೇಲೂ ಅದೇ ಕೋವಿ ಅಂದಿದ್ದಕ್ಕೆ ಇಷ್ಟು ಉದ್ದ ಬರೀತಿದೀನಿ.

ಜೋಡಿ ನಳಿಗೆ ಕೋವಿಯನ್ನ ನಡು ಮುರಿದರೆ ಎಲ್ಲ ಬಯಲು. ಎರಡು ತೂತು, ತೋಟಾ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತೆ, ಆ ಕಡೆಯ ಬೆಳಕೂ ಕಾಣುತ್ತೆ. ಅಪ್ಪ ಹೆಬ್ಬಾಗಿಲು ದಾಟೋ ಮುಂಚೆ ಮುರಿದು ತೋಳಿನ ಮೇಲೆ ಹಾಕ್ಕೊಂಡೇ ಒಳಗೆ ಬರೋದು. ಪಿಸ್ತೂಲು ಹಾಗಲ್ಲ, ಅದು ಹೊಟ್ಟೆಯಲ್ಲಿ ಇಟ್ಕೊಳ್ಳುತ್ತೆ. ಒಂದು ಈಡು ಹೋದ ತಕ್ಷಣ ಮೇಲೆ ಜಾರೋ ಭಾಗ, ಅಂದರೆ ಸ್ಲೈಡ್, ಹಿಂದಕ್ಕೆ ಬಂದು ತೋಟಾದ ಖಾಲಿ ಕೊಳವೆ ಹೊರಗೆ ಎಸೆದು, ಮುಂದಕ್ಕೆ ಹೋಗ್ತಾ ಮ್ಯಾಗಜಿನ್ನಿನಿಂದ ಇನ್ನೊಂದನ್ನ ತಾನೇ ತುಂಬಿಕೊಳ್ಳುತ್ತೆ. ಸೆಮಿ ಆಟೋಮ್ಯಾಟಿಕ್ ಅಂದರೆ ಅಷ್ಟೇ: ಟ್ರಿಗರ್ ಒಂದು ಸಲ ಎಳೆದರೆ ಒಂದು ಈಡು, ಮುಂದಿನದ್ದು ಆಗಲೇ ಸಿದ್ಧ. ಹಾಗಾಗಿ ಮ್ಯಾಗಜಿನ್ ಕಳಚಿ ಮೇಜಿನ ಮೇಲಿಟ್ಟರೂ ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂದಿನ ಗೂಡಿನಲ್ಲಿ, ಒಂದು ಉಳಿದಿರಬಹುದು. ಗ್ಲಾಕ್‌ಗೆ ಹೆಬ್ಬೆರಳಿನಲ್ಲಿ ಒತ್ತೋ ಸೇಫ್ಟಿಯೂ ಇಲ್ಲ. ಸೇಫ್ಟಿಯೆಲ್ಲ ಒಳಗೇ, ಒಂದು ಮಾತ್ರ ಟ್ರಿಗರಿನ ಮೇಲೇ ಕೂತಿರೋ ಪುಟ್ಟ ನಾಲಿಗೆ. ಬೆರಳು ಅಲ್ಲಿಗೆ ಹೋದರೆ ಎಲ್ಲವೂ ತೆರೆದ ಹಾಗೆ.

ಮೂರನೇ ವಾರ ಅನ್ಸುತ್ತೆ. ರೇಂಜಿನಿಂದ ಬಂದು ಒರೆಸೋಣ ಅಂತ ಕೂತೆ. ಗ್ಲಾಕ್ ಬಿಚ್ಚಬೇಕಾದರೆ ಮೊದಲು ಟ್ರಿಗರ್ ಎಳೀಬೇಕು, ಅದರ ವಿನ್ಯಾಸವೇ ಹಾಗೆ. ಮ್ಯಾಗಜಿನ್ ತೆಗೆದಿಟ್ಟಿದ್ದೆ. ಖಾಲಿ ಅಂತ ನನ್ನ ಮನಸ್ಸಿಗೆ ಪೂರ್ತಿ ನಂಬಿಕೆ. ಯಾಕೋ, ಅಪ್ಪನ 'ಮುರಿದು ನೋಡಿದ್ಯೇನೋ' ಅನ್ನೋ ಅಭ್ಯಾಸವೋ ಏನೋ, ಸ್ಲೈಡ್ ಎಳೆದೆ. ಹಿತ್ತಾಳೆಯದ್ದೊಂದು ಟಣ್ ಅಂತ ಹಾರಿ, ಮೇಜಿನ ಮೇಲೆ ಉರುಳಿ, ಮಗಳ ಲೆಕ್ಕದ ಪುಸ್ತಕಕ್ಕೆ ತಾಗಿ ನಿಂತ್ಕೊಳ್ತು. ಎಷ್ಟು ಹೊತ್ತು ಅದನ್ನೇ ನೋಡ್ತಾ ಕೂತಿದ್ದೆನೋ. ಅವತ್ತಿನಿಂದ ಮ್ಯಾಗಜಿನ್ ತೆಗೆದು, ಸ್ಲೈಡ್ ಎಳೆದು ಹಿಡಿದು, ಕಣ್ಣಲ್ಲಿ ನೋಡಿ, ಆಮೇಲೆ ಕಿರುಬೆರಳು ಹಾಕಿ ಮುಟ್ಟಿ ನೋಡ್ತೀನಿ. ಹೆಂಡತಿ ನಗ್ತಾಳೆ, ನಗಲಿ. ಮ್ಯಾಗಜಿನ್ ತೆಗೆಯೋದೇ ಮೊದಲು. ಅದಿದ್ದಾಗ ಸ್ಲೈಡ್ ಎಳೆದರೆ ಒಂದು ಹೋಗಿ ಇನ್ನೊಂದು ಬಂದು ಕೂರುತ್ತೆ.

ಇನ್ನೊಂದು, ಉದ್ದ. ಕೋವಿಯ ನಳಿಗೆ 30 ಇಂಚು, ತೂಕ ಮೂರು ಕೆಜಿ. ತಿರುಗಿಸಬೇಕಾದರೆ ಇಡೀ ಮೈ ತಿರುಗಬೇಕು, ಪಕ್ಕದವನಿಗೂ ಕಾಣುತ್ತೆ. ಇದರ ನಳಿಗೆ ನಾಲ್ಕು ಇಂಚು, ತುಂಬಿದರೂ ಒಂದು ಕೆಜಿ ಇಲ್ಲ. ಮಣಿಕಟ್ಟು ಹೊರಳಿದರೆ ಸಾಕು, ಪಿಸ್ತೂಲಿನ ಬಾಯಿ ಯಾರ ಕಡೆಗೋ. ಮೊದಲ ದಿನ ಬಿಸಿ ಕೊಳವೆಯೊಂದು ಹಾರಿ ನನ್ನ ಕಾಲರಿನೊಳಗೆ ಬಿತ್ತು. ಕೆಂಡ ಬಿದ್ದ ಹಾಗೆ. ಕುಣಿಯೋಣ ಅಂತ ಮೈ ಎದ್ದಿತ್ತು, ಹಿಂದೆ ನಿಂತಿದ್ದ ರೇಂಜಿನವನು 'ಬಾಯಿ ಮುಂದಕ್ಕೆ!' ಅಂತ ಕೂಗಿದ. ಪಿಸ್ತೂಲು ಕೆಳಗಿಡೋವರೆಗೆ ಸುಡಿಸ್ಕೊಂಡೆ. ಬೊಬ್ಬೆ ಒಂದು ವಾರ ಇತ್ತು. ಈಗ ಕಾಲರ್ ಇಲ್ಲದ, ಕುತ್ತಿಗೆ ಮುಚ್ಚೋ ಟೀಶರ್ಟು.

ಗುರಿಯ ವಿಚಾರದಲ್ಲಿ ಮಾನ ಹೋಯ್ತು. ತೆಂಗಿನ ಚಿಪ್ಪು ಹೊಡೆದವನು ನಾನು. ಏಳು ಗಜ ದೂರದ ಕಾಗದದಲ್ಲಿ ಎಲ್ಲ ಈಡೂ ಎಡಕ್ಕೆ, ಕೆಳಕ್ಕೆ. ಗುರಿಕಣ್ಣು ಸರಿಯಿಲ್ಲ ಅಂದ್ಕೊಂಡೆ. ಹಿಂದೆ ಬಿಳಿ ಗೆರೆಯ ಬಟ್ಟಲು, ಮುಂದೆ ಬಿಳಿ ಚುಕ್ಕಿ, ಬಟ್ಟಲಲ್ಲಿ ಗೋಲಿ ಇಟ್ಟ ಹಾಗೆ ಕೂರಿಸಬೇಕು. ಕೂರಿಸ್ತಿದ್ದೆ. ಕಲಿಸೋನು ಏನು ಮಾಡಿದ ಅಂದರೆ, ನನಗೆ ಗೊತ್ತಿಲ್ಲದ ಹಾಗೆ ಮ್ಯಾಗಜಿನ್ನಿನ ಮಧ್ಯೆ ಒಂದು ಸುಳ್ಳು ತೋಟಾ ಸೇರಿಸಿದ. ಅದು ಬಂದಾಗ ಢಂ ಅನ್ನಲಿಲ್ಲ, ಆದರೂ ನನ್ನ ಕೈ ಮೂತಿಯನ್ನ ಕೆಳಕ್ಕೆ ಕುಕ್ಕಿತು. ಒದೆ ಬರೋ ಮುಂಚೆಯೇ ಕೈ ಹೆದರಿಕೊಂಡಿತ್ತು. ಕೋವಿಗೆ ಭುಜ ಇದೆ, ಒದೆಯನ್ನ ಭುಜ ತಿನ್ನುತ್ತೆ. ಇದಕ್ಕೆ ಎರಡು ಅಂಗೈ ಬಿಟ್ಟರೆ ಯಾರೂ ಇಲ್ಲ. ಎರಡು ಹೆಬ್ಬೆರಳೂ ಒಂದೇ ಪಕ್ಕದಲ್ಲಿ, ಮುಂದಕ್ಕೆ ಇರಬೇಕು. ಹೆಬ್ಬೆರಳು ಹಿಂದೆ ಅಡ್ಡ ಹಾಕಿದ್ದಕ್ಕೆ ಸ್ಲೈಡ್ ಬಂದು ಚರ್ಮ ಎತ್ತಿದ್ದನ್ನ ಬೇಕಾದರೆ ತೋರಿಸ್ತೀನಿ, ಗುರುತಿದೆ.

ಕಿವಿಗೆ ಬಿರಟೆ, ಅದರ ಮೇಲೆ ಮುಚ್ಚುಗೆ, ಎರಡೂ ಬೇಕು. ಮುಚ್ಚಿದ ಹಾಲ್‌ನಲ್ಲಿ ಪಿಸ್ತೂಲಿನ ಸದ್ದು ಕೋವಿಯ ಹಾಗೆ ಕಾಡಿಗೆ ಹರಡಲ್ಲ, ಎದೆಗೇ ಬಡಿಯುತ್ತೆ. ಬಂದ ಮೇಲೆ ಸೀಸ ಹೋಗೋ ಹಾಗೆ ತಣ್ಣೀರಲ್ಲಿ ಸೋಪು ಹಾಕಿ ಕೈ ತೊಳೆದೇ ಊಟ.

ಮನೇಲಿ ಬೀಗದ ಪೆಟ್ಟಿಗೆ ತಗೊಂಡೆ, ಪಿಸ್ತೂಲು ತಗೊಳ್ಳೋ ಮುಂಚೆ. ತುಂಬಿದ ಪಿಸ್ತೂಲನ್ನ ಸಿಗೋ ಹಾಗೆ ಇಟ್ಟು, ಅದು 17ರ ಒಳಗಿನ ಮಕ್ಕಳ ಕೈಗೆ ಸಿಕ್ಕರೆ ಟೆಕ್ಸಾಸ್‌ನಲ್ಲಿ ಅದು ಅಪರಾಧ. ಮಗಳ ಸ್ನೇಹಿತೆಯ ಅಮ್ಮ ಒಬ್ಬರು 'ನಿಮ್ಮ ಮನೇಲಿ ಗನ್ ಇದೆಯಾ?' ಅಂತ ಫೋನಲ್ಲಿ ನೇರವಾಗಿ ಕೇಳಿದರು. ಇದೆ, ಪೆಟ್ಟಿಗೆಯಲ್ಲಿ ಅಂದೆ. ಹುಡುಗಿ ಆಟಕ್ಕೆ ಬರೋದು ನಿಂತುಹೋಯ್ತು. ತಪ್ಪು ಅಂತ ಹೇಳೋಕೆ ಬಾಯಿ ಬರಲಿಲ್ಲ.

ಊರಿಗೆ ಬರೋ ಹಿಂದಿನ ರಾತ್ರಿದು ಒಂದು ಹೇಳಿಬಿಡ್ತೀನಿ, ನೀನೂ ಬರ್ತಾ ಹೋಗ್ತಾ ಇರೋನು. ಲ್ಯಾಪ್‌ಟಾಪ್ ಬ್ಯಾಗು ಕೊಡವಿದೆ. ಅಡಿಯ ಹೊಲಿಗೆಯ ಸಂದಿಯಿಂದ ಒಂದು ಜೀವಂತ ತೋಟಾ ಉದುರಿತು. ಒಂದೇ ಒಂದು ಸಲ ಆ ಬ್ಯಾಗನ್ನ ರೇಂಜಿಗೆ ಒಯ್ದಿದ್ದೆ! ಇಲ್ಲಿ ಲೈಸೆನ್ಸ್ ಇಲ್ಲದೆ ಒಂದು ತೋಟಾ ಸಿಕ್ಕರೂ ಆಯುಧ ಕಾಯ್ದೆಯ ಕೇಸು. ಗೊತ್ತಿಲ್ಲದೆ ಉಳಿದಿತ್ತು ಅಂತ ಕೋರ್ಟಿನಲ್ಲಿ ಹೇಳಿ ಬಿಡಿಸಿಕೊಂಡವರಿದ್ದಾರೆ, ಆದರೆ ಅಲ್ಲಿಯವರೆಗೆ ರಜೆ, ಪಾಸ್‌ಪೋರ್ಟು, ಕೆಲಸ ಎಲ್ಲ ತೂಗಾಡ್ತಿರುತ್ತೆ. ರೇಂಜಿನ ಬ್ಯಾಗು ರೇಂಜಿಗೆ ಮಾತ್ರ. ನಿನ್ನ ಸ್ನೇಹಿತನ ಬ್ಯಾಗು ಎರವಲು ತಗೊಂಡು ಬೆಂಗಳೂರಿನ ವಿಮಾನ ಹತ್ತಬೇಡ.

ಶನಿವಾರ ಕೈ ತುರಿಸಿದರೆ ಏರ್ ಪಿಸ್ತೂಲು ತಗೋ. ಕೇಂದ್ರ ಕಾನೂನಿನ ಲೆಕ್ಕದಲ್ಲಿ ಅದು ಬಂದೂಕೇ ಅಲ್ಲ, ವೀಸಾಗೂ ಅದಕ್ಕೂ ಸಂಬಂಧವಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದದ್ದು ಹತ್ತು ಮೀಟರಿನ ಅದರಲ್ಲೇ. ಬೆರಳಿನ ಹೆದರಿಕೆ ಬಿಡಿಸೋಕೆ ಅದು ಧಾರಾಳ ಸಾಕು. ತಮಾಷೆ ಏನು ಗೊತ್ತಾ, ನಮ್ಮಜ್ಜನ ಕಾಲದ, ಮೂತಿಯಿಂದ ಮದ್ದು ತುಂಬಿ ಕೇಪು ಇಟ್ಟು ಹೊಡೆಯೋ ಕೋವಿ ಇತ್ತಲ್ಲ, ಅಂಥದ್ದನ್ನೂ ಆ ಕಾನೂನು ಬಂದೂಕು ಅನ್ನಲ್ಲ, ಹಳೇ ಕಾಲದ ಸಾಮಾನು ಅನ್ನುತ್ತೆ. ಅದೇ ಇಲ್ಲಿ ಕಾಗದವಿಲ್ಲದೆ ಅಟ್ಟದ ಮೇಲೆ ಸಿಕ್ಕರೆ ಠಾಣೆಗೆ ನಡಿ ಅಂತಾರೆ.

ನಿನ್ನೆ ರಾತ್ರಿ ಅಪ್ಪನಿಗೆ ಫೋನಲ್ಲಿ ನನ್ನ ಪಿಸ್ತೂಲಿನ ಫೋಟೋ ತೋರಿಸಿದೆ. ಕನ್ನಡಕ ಏರಿಸಿ, ಎರಡು ಬೆರಳಲ್ಲಿ ಹಿಗ್ಗಿಸಿ, ಎಡಕ್ಕೆ ಬಲಕ್ಕೆ ಸರಿಸಿ ನೋಡಿದರು.

"ಇದನ್ನ ಮುರಿಯೋದು ಎಲ್ಲಿ?" ಅಂದರು.

ಮುರಿಯೋಕಾಗಲ್ಲ ಅಪ್ಪ ಅಂದೆ. ಅಷ್ಟರಲ್ಲಿ ಆನೆ ನಮ್ಮ ಕೆಳಗಿನ ತೋಟದ ಕಡೆ ಇಳಿದಿದೆ ಅಂತ ಮೆಸೇಜು ಬಂತು, ಗೇಟಿನ ಲೈಟು ಹಾಕೋಕೆ ಎದ್ದು ಹೋದರು.