ಕಳವಾದ ಮೇಲೆ ಉಳಿದ ಚಿನ್ನವನ್ನು ಏನು ಮಾಡುವುದು?

ಪ್ರಶ್ನೆ: ನೆಂಟರ ಮದುವೆಗೆ ಹೋಗಿದ್ದಾಗ ಕಳ್ಳರು ಅಡುಗೆಮನೆಯ ಹಿಂಬಾಗಿಲು ಮುರಿದು ಹನ್ನೊಂದು ಪವನು (ಒಂದು ಪವನು ಎಂದರೆ ಎಂಟು ಗ್ರಾಂ) ಚಿನ್ನ ಒಯ್ದರು. ಅದರಲ್ಲಿ ಅತ್ತೆಯ ಹಳೆಯ ಅವಲಕ್ಕಿ ಸರವೂ ಇತ್ತು. ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಉಳಿದ ನಾಲ್ಕು ಪವನು ಮನೆಯಲ್ಲಿದ್ದರೆ ನಿದ್ದೆಯೇ ಬರುವುದಿಲ್ಲ. ಮಾರಿಬಿಡಲೇ?
– ಓದುಗರು, ಬದಿಯಡ್ಕ (ಕಾಸರಗೋಡು ಜಿಲ್ಲೆ, ಕೇರಳ)

ಉತ್ತರ: ಈಗಲೇ ಮಾರಬೇಡಿ. ಹೆದರಿಕೆಯಲ್ಲಿ ಮಾರಿದರೆ ಮಜೂರಿಯ ಹಣವೂ ಕೈಬಿಡುತ್ತದೆ, ಆಮೇಲೆ ಬೇಸರವೂ ಉಳಿಯುತ್ತದೆ. ಮನೆಯಲ್ಲಿರುವುದನ್ನು ಎರಡು ಪಾಲು ಮಾಡಿ ನೋಡಿ: ದುಡ್ಡು ಕೊಟ್ಟರೆ ಮತ್ತೆ ಸಿಗುವಂಥದು, ಎಷ್ಟು ಕೊಟ್ಟರೂ ಸಿಗದಂಥದು. ದಿನವೂ ಹಾಕುವ ಒಂದೆರಡು ಒಡವೆ ಬಿಟ್ಟು ಎರಡೂ ಬ್ಯಾಂಕ್ ಲಾಕರಿಗೆ ಹೋಗಲಿ. ನಾಮಿನಿ ಹೆಸರು ಆ ದಿನವೇ ಬರೆಸಿ.

ಆದರೆ ಲಾಕರ್ ಎಂದರೆ ವಿಮೆಯಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಕಳವು, ಬೆಂಕಿ, ನೌಕರರ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು ಮಾತ್ರ. ಬಾಡಿಗೆ 2,000 ರೂಪಾಯಿಯಾದರೆ ಎರಡು ಲಕ್ಷ. ಇಂದಿನ ದರದಲ್ಲಿ ಅದು ನಾಲ್ಕು ಪವನಿಗೂ ಸಾಲದು. ಮನೆವಿಮೆ ಮಾಡಿಸುವುದಾದರೆ ಒಡವೆಗಳನ್ನು ಬೆಲೆ ಸಹಿತ ಪ್ರತ್ಯೇಕ ಪಟ್ಟಿ ಮಾಡಿಸಿ. ಮನೆ ಬಹುದಿನ ಖಾಲಿ ಇದ್ದರೆ ಪರಿಹಾರ ಇಲ್ಲವೆಂಬ ಷರತ್ತು ಇದೆಯೇ ಎಂದೂ ಓದಿ ನೋಡಿ.

ನಿದ್ದೆ ಬರಬೇಕಾದರೆ ಹಿಂಬಾಗಿಲು ಮೊದಲು ಸರಿಯಾಗಬೇಕು. ನಮ್ಮ ಕಡೆ ಮುಂಬಾಗಿಲಿಗೆ ಒಳ್ಳೆಯ ಮರ ಹಾಕಿ, ಹಿಂಬಾಗಿಲಿಗೆ ಅರ್ಧ ಇಂಚಿನ ಸ್ಕ್ರೂ ಹೊಡೆದ ಚಿಲಕವಷ್ಟೇ ಇಡುತ್ತಾರೆ. ಒಂದು ಹಾರೆ ತೂರಿಸಿದರೆ ಸ್ಕ್ರೂ ಕಿತ್ತು ಬರುತ್ತದೆ. ಒಳಗಿನಿಂದ ಎರಡು ಇಂಚು ಅಗಲ, ಆರು ಮಿಲಿಮೀಟರ್ ದಪ್ಪದ ಕಬ್ಬಿಣದ ಅಡ್ಡಪಟ್ಟಿ ಹಾಕಿಸಿ. ಗೋಡೆ ಮುರಕಲ್ಲಿನದಾದರೆ (ಕೆಂಪು ಜಂಬಿಟ್ಟಿಗೆ ಕಲ್ಲು), ತೂತಿನೊಳಗೆ ಅರಳಿ ಹಿಡಿಯುವ ಎಕ್ಸ್‌ಪಾನ್ಶನ್ ಬೋಲ್ಟ್ ನಂಬಬೇಡಿ. ಹೊಡೆದಾಗ ಬಿಗಿಯಾಗಿ ಕಂಡರೂ ಕಲ್ಲು ಒಳಗೇ ಪುಡಿಯಾಗಿ ಸಡಿಲುತ್ತದೆ. ಕಲ್ಲು ಕೊರೆದು, ಕೊಕ್ಕೆ ಇಟ್ಟು, ಕಾಂಕ್ರೀಟ್ ತುಂಬಿಸಬೇಕು. ಹಾರೆ, ಪಿಕ್ಕಾಸು, ಏಣಿ ಕೊಟ್ಟಿಗೆಯಲ್ಲಿ ಬಿದ್ದಿರಬಾರದು. ಬಿದ್ದಿದ್ದರೆ ಕಳ್ಳನಿಗೆ ಆಯುಧ ಹೊತ್ತು ತರುವ ಕಷ್ಟವೇ ಇರುವುದಿಲ್ಲ. ಮನೆ ಬೀಗ ಹಾಕಿ ಹೊರಡುವ ಮುಂಚೆ ಕೇರಳ ಪೊಲೀಸರ ಪೋಲ್-ಆ್ಯಪ್‌ನಲ್ಲಿ ತಿಳಿಸಿ.

ಇನ್ನು ಅತ್ತೆಯ ಸರ. ಕಳ್ಳ ಸಿಕ್ಕಿಬಿದ್ದು ಒಡವೆ ಕೈಗೆ ಬಂದರೂ ಅದು ನಿಮ್ಮದೇ ಎಂದು ಗುರುತಿಸಬೇಕು. ಹಳೆಯ ಒಡವೆಗೆ ಬಿಲ್ಲು ಎಲ್ಲಿರುತ್ತದೆ? ಹೊಸದಕ್ಕಾದರೆ ಹಾಲ್‌ಮಾರ್ಕ್ ಜೊತೆ ಒಡವೆಯ ಮೇಲೆಯೇ ಕೊರೆದ, ಪ್ರತಿ ಒಡವೆಗೂ ಬೇರೆಯಾದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತು ಇದೆ. ಮದುವೆ ಆಲ್ಬಮ್ ತೆಗೆದು ಸರ ಸ್ಪಷ್ಟವಾಗಿ ಕಾಣುವ ಚಿತ್ರ ಹುಡುಕಿ. ಅತ್ತೆಯ ಹತ್ತಿರ ಕುಳಿತು ಕೇಳಿ: ಎಷ್ಟು ಎಳೆ, ಕೊಕ್ಕೆ ಹೇಗಿತ್ತು, ಯಾವ ಕಡೆ ಬೆಸುಗೆ ಹಾಕಿಸಿದ್ದರು, ಯಾವ ಪದಕದ ಅಂಚು ಸವೆದಿತ್ತು. ಅಕ್ಕಸಾಲಿಗ ಇನ್ನೂ ಇದ್ದರೆ ಅವರನ್ನೂ ವಿಚಾರಿಸಿ. ಎಲ್ಲವನ್ನೂ ಬರೆದು, ಚಿತ್ರದ ಪ್ರತಿ ಸೇರಿಸಿ, ಎಫ್‌ಐಆರ್ ಸಂಖ್ಯೆ ನಮೂದಿಸಿ ಠಾಣೆಗೆ ಹೆಚ್ಚುವರಿ ಹೇಳಿಕೆಯಾಗಿ ಕೊಡಿ. ಕನ್ನಡದಲ್ಲೇ ಬರೆಯಬಹುದು, ಒಂದು ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ಮುಂದೆ ಸರ ಸಿಕ್ಕಾಗ ಪ್ರಕರಣ ಮುಗಿಯುವ ತನಕ ಕಾಯಬೇಕಾಗಿಲ್ಲ, ಮಧ್ಯಂತರವಾಗಿ ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಆಗ ಈ ಹೇಳಿಕೆಯೇ ನಿಮ್ಮ ಆಧಾರ.