ಕೋವಿಡ್‌ನಂಥ ಸಮಯದಲ್ಲಿ ಬಾಡಿಗೆ ಬಾಕಿಯಾದರೆ ಮನೆ ಮಾಲೀಕರು ಬೀಗ ಜಡಿಯಬಹುದೇ?

ಜಡಿಯುವಂತಿಲ್ಲ, ರೋಗ ಇರಲಿ, ಇಲ್ಲದಿರಲಿ. ಮನೆ ಮಾಲೀಕರದ್ದೇ ಆದರೂ ಅದರ ಸ್ವಾಧೀನ ಬಾಡಿಗೆದಾರನದು. ಅದನ್ನು ಬಿಡಿಸಿಕೊಳ್ಳಲು ಕಾನೂನಿನ ದಾರಿಯಲ್ಲೇ, ಅಂದರೆ ನ್ಯಾಯಾಲಯದ ಮೂಲಕವೇ ಹೋಗಬೇಕು. ದಾವಣಗೆರೆಯ ವಿದ್ಯಾನಗರದ ಬಾಡಿಗೆ ಕೋಣೆಯಿಂದ ವಿದ್ಯಾರ್ಥಿಯ ಟ್ರಂಕು, ಗ್ಯಾಸ್ ಒಲೆಗಳನ್ನು ಎತ್ತಿ ಬೀದಿಗಿಟ್ಟರು ಎನ್ನಿ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅವನು ಆರು ತಿಂಗಳೊಳಗೆ ದಾವೆ ಹೂಡಿ ಕೋಣೆಯನ್ನು ಮರಳಿ ಪಡೆಯಬಹುದು. ಅಲ್ಲಿ ಮನೆ ಯಾರದು ಎಂಬುದಲ್ಲ, ಯಾರನ್ನು ಬಲವಂತವಾಗಿ ಹೊರಹಾಕಲಾಯಿತು ಎಂಬುದೇ ಪ್ರಶ್ನೆ.

ಕೋವಿಡ್ ಬಂದಾಗ ಇದರ ಮೇಲೆ ಇನ್ನೊಂದು ರಕ್ಷಣೆ ಸೇರಿತು. ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು, ಕಾರ್ಮಿಕರನ್ನೂ ವಿದ್ಯಾರ್ಥಿಗಳನ್ನೂ ಮನೆ ಬಿಡಿಸುವ ಮಾಲೀಕರ ಮೇಲೆ ಕ್ರಮ ಜರುಗಿಸಬೇಕು ಎಂದು 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ವಿಪತ್ತು ನಿರ್ವಹಣಾ ಕಾಯ್ದೆಯಡಿ ಆದೇಶಿಸಿತು. ಜಾರಿಯ ಹೊಣೆಯನ್ನು ಜಿಲ್ಲಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿಗಳ ಹೆಗಲಿಗೇ ಹಾಕಿತ್ತು. ಆದರೆ ಅದು ಆ ಹೊತ್ತಿನ ಆದೇಶ. ಮುಂದಿನ ಸಾಂಕ್ರಾಮಿಕಕ್ಕೆ ತಾನಾಗಿ ಅನ್ವಯಿಸುವುದಿಲ್ಲ.

ನಮ್ಮ ಕಡೆ ಕರಾರು ಬಹುಪಾಲು ಬಾಯಿಮಾತಿನದು. ಹಾಗಾಗಿ ಫೋನ್‌ಪೇಯಲ್ಲಿ ಬಾಡಿಗೆ ಕಳಿಸಿದ ವಿವರಗಳನ್ನು ಅಳಿಸಬೇಡಿ. ನೀವು ಅಲ್ಲಿ ಬಾಡಿಗೆಗೆ ಇದ್ದಿರಿ ಎನ್ನಲು ನ್ಯಾಯಾಲಯದಲ್ಲಿ ಅವೇ ನೆರವಿಗೆ ಬರುತ್ತವೆ.